ಕೂದಲು ಕಸಿಗೆ ಅವಸರವೇಕೆ?

ನನ್ನ ಅಕ್ಕನ ಮಗನಿಗೆ ಈಗ 20 ವರ್ಷ. ಇಂಜಿನಿಯರಿಂಗ್ ಓದುತ್ತಿರುವ ಈ ಹುಡುಗನು ಕಳೆದ ತಿಂಗಳು ಒಂದು ಭಾನುವಾರ ಬ್ಯಾಡರಹಳ್ಳಿಯ ನಮ್ಮ ಮನೆಗೆ ಬಂದಿದ್ದನು. ಊಟವಾದ ಮೇಲೆ ಜೇಬಿನಿಂದ ಒಂದು ಕಾಗದವನ್ನು ತೆಗೆದು ನನ್ನ ಮುಂದಿಟ್ಟನು. ಅದು ಕೂದಲು ಕಸಿ ಮಾಡುವ ಕೇಂದ್ರವೊಂದರ ಅಂದಾಜುಪಟ್ಟಿ. 2,500 ಗ್ರಾಫ್ಟುಗಳನ್ನು ನೆಡುವರಂತೆ. ಹಣವನ್ನು 12 ತಿಂಗಳ ಕಂತುಗಳಲ್ಲಿ ತೀರಿಸಬಹುದಂತೆ. ಮುಂಗಡವೆಂದು 5,000 ರೂಪಾಯಿಗಳನ್ನು ಅವನು ಆಗಲೇ ಕಟ್ಟಿಬಿಟ್ಟಿದ್ದನು. "ಮಾವ, ನೀವೂ ಮಾಡಿಸಿಕೊಂಡವರೇ ಅಲ್ಲವೆ? ನೀವು ಒಂದು ಮಾತು ಹೇಳಿದರೆ ಅಮ್ಮ ಒಪ್ಪುತ್ತಾಳೆ" ಎಂದನು.

ಆ ದಿನ ನಾನು ಅವನಿಗೆ ಕೊಟ್ಟ ಉತ್ತರವು ಅರ್ಧಂಬರ್ಧವಾಗಿತ್ತು. ಪೂರ್ಣವಾದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ; ಏಕೆಂದರೆ ಈ ಪ್ರಶ್ನೆಯು ಅವನೊಬ್ಬನದಲ್ಲ. ಬ್ಯಾಡರಹಳ್ಳಿಯಿಂದ ಮಾಗಡಿ ರಸ್ತೆಯಲ್ಲಿ ಕಾಲೇಜಿಗೆ ಹೋಗಿಬರುವ ಎಷ್ಟೋ ವಿದ್ಯಾರ್ಥಿಗಳು ದಿನವೂ ಕನ್ನಡಿಯ ಮುಂದೆ ನಿಂತು ಇದನ್ನೇ ಕೇಳಿಕೊಳ್ಳುತ್ತಿರುವರೆಂದು ನಾನು ಬಲ್ಲೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೂದಲು ಕಸಿಯು ಒಳ್ಳೆಯ ಶಸ್ತ್ರಚಿಕಿತ್ಸೆ. ಅದರ ಹಿಂದಿರುವ ವಿಜ್ಞಾನವು ಸತ್ಯವಾದುದು. ಆದರೆ ವಂಶಾನುಗತವಾದ ಬೊಕ್ಕತಲೆಗಾಗಿ ಅದನ್ನು 25 ವರ್ಷ ತುಂಬುವ ಮೊದಲು ಮಾಡಿಸಿಕೊಳ್ಳಬಾರದು; ವೈದ್ಯರಾದವರು ಮಾಡಲೂಬಾರದು. ಇದಕ್ಕೆ ಕಾರಣವು ಆ ವಿಜ್ಞಾನದಲ್ಲಿಯೇ ಅಡಗಿದೆ.

ಮನುಷ್ಯನ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿವೆ. ನಮ್ಮ ಕಣ್ಣಿಗೆ ಕಾಣುವ ಎಳೆಯು ಜೀವವಿಲ್ಲದ ವಸ್ತು. ಕೆರಾಟಿನ್ ಎಂಬ ಪ್ರೋಟೀನಿನಿಂದಾದ ದಾರ. ಜೀವವಿರುವುದು ಚರ್ಮದೊಳಗೆ ಹುದುಗಿರುವ ರೋಮಕೂಪದಲ್ಲಿ. ಪ್ರತಿಯೊಂದು ರೋಮಕೂಪವೂ ಎರಡರಿಂದ ಆರು ವರ್ಷಗಳ ಕಾಲ ದುಡಿದು, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಕೂದಲನ್ನು ಬೆಳೆಸುತ್ತದೆ. ಬಳಿಕ ಎರಡು ಮೂರು ವಾರಗಳಲ್ಲಿ ಕುಗ್ಗಿ, ಸುಮಾರು ಮೂರು ತಿಂಗಳು ವಿಶ್ರಮಿಸುತ್ತದೆ. ಆಗ ಹಳೆಯ ಕೂದಲು ಉದುರಿ ಹೊಸದು ಹುಟ್ಟುತ್ತದೆ. ಆದುದರಿಂದ ದಿನವೊಂದಕ್ಕೆ 50ರಿಂದ 100 ಕೂದಲುಗಳು ಉದುರುವುದು ಸಹಜವೇ ಹೊರತು ರೋಗವಲ್ಲ. ವಿಷಮಶೀತ ಜ್ವರವೋ ಡೆಂಗಿ ಜ್ವರವೋ ಬಂದುಹೋದ ಎರಡು ಮೂರು ತಿಂಗಳ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರುವುದೂ ಉಂಟು. ಊಟದಲ್ಲಿ ಕೊರತೆಯಾದಾಗ, ರಕ್ತದಲ್ಲಿ ಕಬ್ಬಿಣದ ಅಂಶ ಕಡಮೆಯಾದಾಗ, ಥೈರಾಯಿಡ್ ಗ್ರಂಥಿಯ ಕೆಲಸ ಕೆಟ್ಟಾಗಲೂ ಹೀಗಾಗಬಹುದು. ಇಂಥವುಗಳಿಗೆ ಶಸ್ತ್ರಚಿಕಿತ್ಸೆ ಬೇಡವೇ ಬೇಡ. ಕಾರಣವನ್ನು ಕಂಡುಹಿಡಿದು ನಿವಾರಿಸಿದರೆ ಸಾಮಾನ್ಯವಾಗಿ ಕೂದಲು ತಾನಾಗಿಯೇ ಮರಳುತ್ತದೆ.

ವಂಶಾನುಗತವಾದ ಬೊಕ್ಕತಲೆಯ ರೀತಿ ಬೇರೆ. ಗಂಡಸಿನ ದೇಹದಲ್ಲಿ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ಇದೆ. ಅದರಲ್ಲಿ ಒಂದು ಭಾಗವು ಡೈಹೈಡ್ರೊಟೆಸ್ಟೋಸ್ಟಿರೋನ್ ಎಂಬ ಹೆಚ್ಚು ಪ್ರಬಲವಾದ ರೂಪಕ್ಕೆ ಮಾರ್ಪಡುತ್ತದೆ. ಕೆಲವರ ಹಣೆಯ ಮೇಲ್ಭಾಗದ ಹಾಗೂ ನೆತ್ತಿಯ ರೋಮಕೂಪಗಳು ಈ ಹಾರ್ಮೋನಿಗೆ ಸೋಲುವ ಗುಣವನ್ನು ಹುಟ್ಟಿನಿಂದಲೇ ಪಡೆದಿರುತ್ತವೆ. ಅವು ಒಮ್ಮೆಲೇ ಸಾಯುವುದಿಲ್ಲ. ಸುತ್ತಿನಿಂದ ಸುತ್ತಿಗೆ ಸಣ್ಣದಾಗುತ್ತ, ದಪ್ಪ ಕೂದಲಿನ ಬದಲು ನವಿರು ರೋಮವನ್ನು ಹುಟ್ಟಿಸತೊಡಗುತ್ತವೆ. ಹರೆಯಕ್ಕೆ ಮೊದಲೇ ವೃಷಣಗಳನ್ನು ಕಳೆದುಕೊಂಡವರಿಗೆ ತಲೆ ಬೋಳಾಗುವುದಿಲ್ಲ, ಅವರಿಗೆ ಟೆಸ್ಟೋಸ್ಟಿರೋನನ್ನು ಕೊಟ್ಟರೆ ವಂಶದಲ್ಲಿ ಆ ಗುಣವಿರುವವರಿಗೆ ಬೋಳಾಗುತ್ತದೆ ಎಂಬುದನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿಕೊಟ್ಟನು. ಸೋದರಮಾವನ ತಲೆಯನ್ನು ನೋಡಿ ಅಳಿಯನ ತಲೆಯ ಭವಿಷ್ಯವನ್ನು ಹೇಳಬಹುದೆಂದು ನಮ್ಮಲ್ಲಿ ಹಲವರು ನಂಬುವರು. ಇದರಲ್ಲಿ ಅಷ್ಟಿಷ್ಟು ಸತ್ಯವಿದೆ. ಏಕೆಂದರೆ ಈ ಹಾರ್ಮೋನನ್ನು ಗ್ರಹಿಸುವ ವಸ್ತುವಿನ ಜೀನು ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನಲ್ಲಿದೆ. ಆದರೆ ಇನ್ನೂ ಅನೇಕ ಜೀನುಗಳು ತಂದೆತಾಯಿಗಳಿಬ್ಬರಿಂದಲೂ ಬಂದು ಸೇರುವುದರಿಂದ ಯಾರ ತಲೆ ಎಷ್ಟು ಬೋಳಾಗುವುದೆಂದು ಖಚಿತವಾಗಿ ಹೇಳಲಾಗದು.

ವಾಚಕರು ಇನ್ನೊಂದು ಸಂಗತಿಯನ್ನು ಗಮನಿಸಿರಬಹುದು. ಎಂಥ ಬೊಕ್ಕತಲೆಯವರಿಗೂ ಹಿಂದಲೆಯಲ್ಲಿ, ಕಿವಿಗಳ ಮೇಲೆ, ಕುದುರೆಲಾಳದ ಆಕಾರದಲ್ಲಿ ಕೂದಲು ಉಳಿದಿರುತ್ತದೆ. ಆ ಭಾಗದ ರೋಮಕೂಪಗಳು ಹಾರ್ಮೋನಿಗೆ ಸೋಲುವುದಿಲ್ಲ. ಅವನ್ನು ಕಿತ್ತು ನೆತ್ತಿಯಲ್ಲಿ ನೆಟ್ಟರೆ ಅವು ನೆತ್ತಿಯ ಗುಣವನ್ನು ಪಡೆಯುವುವೊ, ತಮ್ಮ ಮೂಲಗುಣವನ್ನೇ ಉಳಿಸಿಕೊಳ್ಳುವುವೊ? ಜಪಾನಿನ ವೈದ್ಯ ಷೋಜಿ ಒಕುಡ ಎಂಬಾತನು ಸುಟ್ಟ ಗಾಯ ಮೊದಲಾದವುಗಳಿಂದ ಕೂದಲು ಕಳೆದುಕೊಂಡವರಿಗೆ ಹೀಗೆ ಕೂದಲನ್ನು ನೆಟ್ಟು 1939ರಲ್ಲಿ ಪ್ರಕಟಿಸಿದನು. ಆದರೆ ಆ ಬರಹವು ಜಪಾನೀ ಭಾಷೆಯಲ್ಲಿದ್ದುದರಿಂದಲೂ ಮಹಾಯುದ್ಧವು ಅಡ್ಡ ಬಂದುದರಿಂದಲೂ ಹೊರಗಿನವರಿಗೆ ಅದು ಬಹುಕಾಲ ತಿಳಿಯಲಿಲ್ಲ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆನ್‌ಟ್ರೈಕ್ 1952ರಲ್ಲಿ ಇದನ್ನು ಬೊಕ್ಕತಲೆಯ ಮೇಲೆ ಪ್ರಯೋಗಿಸಿ, 1959ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ನೆಟ್ಟ ಕೂದಲು ತನ್ನ ಮೂಲಸ್ಥಾನದ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂಬುದು ಅವನು ಕಂಡ ತತ್ತ್ವ. ಇಂದಿನ ಕೂದಲು ಕಸಿಯೆಲ್ಲವೂ ಈ ಒಂದು ತತ್ತ್ವದ ಮೇಲೆ ನಿಂತಿದೆ.

ನಾವು ಇದನ್ನು ಕಸಿ ಎನ್ನುತ್ತೇವೆ. ನಿಜವಾಗಿ ನೋಡಿದರೆ ನಾಟಿ ಎನ್ನುವುದೇ ಹೆಚ್ಚು ಒಪ್ಪುತ್ತದೆ. ರೈತನು ಸಸಿಮಡಿಯಿಂದ ಪೈರನ್ನು ಕಿತ್ತು ಗದ್ದೆಯಲ್ಲಿ ನೆಡುವಂತೆ ಇಲ್ಲಿಯೂ ಕಿತ್ತು ನೆಡುವರು. ಆದರೆ ದೊಡ್ಡದೊಂದು ವ್ಯತ್ಯಾಸವುಂಟು. ರೈತನಿಗೆ ಪೈರು ಸಾಲದೆ ಹೋದರೆ ಮತ್ತೆ ಬೀಜ ಚೆಲ್ಲಬಹುದು. ತಲೆಯ ಹಿಂಭಾಗವೆಂಬ ಸಸಿಮಡಿಯಲ್ಲಿ ಮತ್ತೆ ಬಿತ್ತುವಂತಿಲ್ಲ. ಅಲ್ಲಿಂದ ಕಿತ್ತ ರೋಮಕೂಪದ ಜಾಗದಲ್ಲಿ ಹೊಸದು ಹುಟ್ಟುವುದಿಲ್ಲ. ಶಸ್ತ್ರಚಿಕಿತ್ಸೆಯು ಒಂದು ಕೂದಲನ್ನೂ ಸೃಷ್ಟಿಸದು. ಇರುವುದನ್ನು ಸ್ಥಳಾಂತರಿಸುವುದಷ್ಟೇ ಅದರ ಕೆಲಸ. ಬೋಳಾಗುವುದನ್ನು ತಡೆಯುವ ಶಕ್ತಿಯೂ ಅದಕ್ಕಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಕೂದಲುಗಳು ಚರ್ಮದಿಂದ ಒಂಟೊಂಟಿಯಾಗಿ ಮಾತ್ರವಲ್ಲದೆ ಎರಡು, ಮೂರು, ನಾಲ್ಕರ ಗುಂಪುಗಳಾಗಿಯೂ ಹೊರಡುತ್ತವೆ. ಇಂಥ ಒಂದು ಗುಂಪೇ ಇಂದಿನ ಗ್ರಾಫ್ಟು. ಸಹಜವಾದ ತಲೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 80 ಗುಂಪುಗಳಿರುತ್ತವೆ ಎಂದಿಟ್ಟುಕೊಳ್ಳಿ. ತಲೆ ಪೂರ್ತಿ ಬೋಳಾದವನಲ್ಲಿ ಕೂದಲಿಲ್ಲದ ಜಾಗವು 200 ಚದರ ಸೆಂಟಿಮೀಟರಿನಷ್ಟಿರಬಹುದು. ಅದನ್ನು ಮೊದಲಿನಂತೆ ತುಂಬಲು 16,000 ಗ್ರಾಫ್ಟುಗಳು ಬೇಕು. ಆದರೆ ಹಿಂದಲೆಯು ವಿಕಾರವಾಗದಂತೆ ಜೀವಮಾನದಲ್ಲಿ ಒಟ್ಟು ತೆಗೆಯಬಹುದಾದುದು ಹೆಚ್ಚಿನವರಲ್ಲಿ ಐದಾರು ಸಾವಿರವನ್ನು ಮೀರದು. ಅಂದರೆ ಅಗತ್ಯದ ಮೂರನೆಯ ಒಂದು ಭಾಗ ಮಾತ್ರ! ಆದುದರಿಂದ ನುರಿತ ವೈದ್ಯನು ಸಹಜ ಸಾಂದ್ರತೆಯ ಅರ್ಧದಷ್ಟನ್ನು ಮುಂಭಾಗದಲ್ಲಿ ನೆಟ್ಟು, ನೋಡುವವರ ಕಣ್ಣನ್ನು ತೃಪ್ತಿಪಡಿಸಿ, ಉಳಿದುದನ್ನು ಮುಂದಿನ ದಿನಗಳಿಗಾಗಿ ಕಾಯ್ದಿಡುತ್ತಾನೆ.

ಇಲ್ಲಿಯೇ ವಯಸ್ಸಿನ ಪ್ರಶ್ನೆ ಬರುವುದು. ನಲವತ್ತು ವರ್ಷದವನ ತಲೆಯಲ್ಲಿ ಬೋಳಿನ ಎಲ್ಲೆಯು ಬಹುಮಟ್ಟಿಗೆ ಗೊತ್ತಾಗಿರುತ್ತದೆ. ಇಪ್ಪತ್ತು ವರ್ಷದವನಲ್ಲಿ ಅದು ಹಣೆಯ ಎರಡು ಮೂಲೆಗಳಲ್ಲಿ ನಿಂತೀತೊ, ನೆತ್ತಿಯವರೆಗೂ ಹಬ್ಬೀತೊ ಯಾರೂ ಹೇಳಲಾರರು. ಹೊಲದ ವಿಸ್ತೀರ್ಣವೇ ತಿಳಿಯದೆ ಇರುವ ಪೈರನ್ನೆಲ್ಲ ಒಂದು ಮೂಲೆಯಲ್ಲಿ ನೆಟ್ಟು ಮುಗಿಸುವುದು ಜಾಣತನವೆ?

ಜಾಣತನವಲ್ಲವೆಂದು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನ ತಲೆಯಿಂದಲೇ ಕಲಿತವನು. 2007ರಲ್ಲಿ, 23ನೆಯ ವಯಸ್ಸಿನಲ್ಲಿ, ಮೊದಲ ಸಂಬಳದ ಆಧಾರದ ಮೇಲೆ ಸಾಲ ತೆಗೆದು ನಾನು ಒಂದು ಕೇಂದ್ರಕ್ಕೆ ಹೋದೆನು. ಬಿಳಿಯ ಕೋಟು ತೊಟ್ಟು ನನ್ನನ್ನು ಮಾತನಾಡಿಸಿದವನು ವೈದ್ಯನಲ್ಲವೆಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ನಮ್ಮ ತಂದೆಯ ತಲೆ ಹೇಗಿದೆ, ಅಜ್ಜನದು ಹೇಗಿತ್ತು ಎಂದು ಅವನು ಕೇಳಲೇ ಇಲ್ಲ. ಪೆನ್ಸಿಲಿನಿಂದ ನನ್ನ ಹಣೆಯ ಮೇಲೆ ಹದಿನಾರರ ಹುಡುಗನಿಗೆ ಒಪ್ಪುವಂಥ ಗೆರೆಯೊಂದನ್ನು ಎಳೆದು ಕನ್ನಡಿಯನ್ನು ಕೈಗೆ ಕೊಟ್ಟನು. ನನಗೆ ಅಷ್ಟೇ ಸಾಕಾಗಿತ್ತು.

ಶಸ್ತ್ರಚಿಕಿತ್ಸೆಯ ದಿನ ನನ್ನನ್ನು ಬೋರಲು ಮಲಗಿಸಿ ಹಿಂದಲೆಗೆ ಮರಗಟ್ಟಿಸುವ ಸೂಜಿಮದ್ದು ಕೊಟ್ಟರು. ಕೆಂಜಿಗಗಳು ಒಟ್ಟಿಗೆ ಕಡಿದಂತಾಯಿತು. ಅನಂತರ ಏನೂ ತಿಳಿಯಲಿಲ್ಲ. ಚರ್ಮದ ಪಟ್ಟಿಯೊಂದನ್ನು ಕೊಯ್ದು ತೆಗೆದು ಹೊಲಿಗೆ ಹಾಕಿದರು. ಪಕ್ಕದ ಮೇಜಿನ ಬಳಿ ಕುಳಿತವರು ಆ ಪಟ್ಟಿಯಿಂದ ಸುಮಾರು 2,200 ಗ್ರಾಫ್ಟುಗಳನ್ನು ಬಿಡಿಸಿದರು. ಹಣೆಯ ಮೇಲೆ ಸಣ್ಣ ಸಣ್ಣ ರಂಧ್ರಗಳನ್ನು ಮಾಡಿ ಒಂದೊಂದಾಗಿ ನೆಟ್ಟರು. ಬೆಳಗ್ಗೆ ಮಲಗಿದವನು ಎದ್ದಾಗ ದೀಪ ಹಚ್ಚುವ ಹೊತ್ತಾಗಿತ್ತು. ಕೆಲವು ರಾತ್ರಿಗಳು ಒರಗಿ ಕುಳಿತೇ ನಿದ್ರಿಸಬೇಕಾಯಿತು. ಮೂರನೆಯ ದಿನ ಹಣೆಯ ಬಾವು ಇಳಿದು ಕಣ್ಣುಗಳು ಮುಚ್ಚಿಹೋದವು. ಎಲ್ಲಿಯೋ ಬಿದ್ದು ಪೆಟ್ಟು ಮಾಡಿಕೊಂಡು ಬಂದನೆಂದು ನಮ್ಮ ತಾಯಿ ಅತ್ತಳು. ಮೂರನೆಯ ವಾರದಲ್ಲಿ ನೆಟ್ಟ ಕೂದಲುಗಳೆಲ್ಲ ಉದುರಿದಾಗ ನಾನೂ ಅತ್ತೆನು. ಅದು ಸಹಜವೆಂದು, ಬೇರು ಒಳಗಿದ್ದು ಮೂರು ನಾಲ್ಕು ತಿಂಗಳಲ್ಲಿ ಮತ್ತೆ ಚಿಗುರುವುದೆಂದು, ಪೂರ್ಣ ಫಲಕ್ಕೆ ಒಂದು ವರ್ಷ ಬೇಕೆಂದು ನನಗೆ ಯಾರೂ ಮೊದಲೇ ಬಿಡಿಸಿ ಹೇಳಿರಲಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಕೂದಲು ಬಂದಿತು, ನಾನು ಸಂತೋಷಪಟ್ಟೆನು. ಆ ಸಂತೋಷವು ಆರು ವರ್ಷ ಉಳಿಯಿತು. ಅಷ್ಟರೊಳಗೆ ನೆಟ್ಟ ಸಾಲಿನ ಹಿಂದಿದ್ದ ನನ್ನ ಸ್ವಂತ ಕೂದಲು ಸದ್ದಿಲ್ಲದೆ ಹಿಂದಕ್ಕೆ ಸರಿಯುತ್ತಿತ್ತು. 32ನೆಯ ವಯಸ್ಸಿನಲ್ಲಿ ನನ್ನ ತಲೆಯ ಮುಂಭಾಗದಲ್ಲಿ ದಟ್ಟವಾದ ಕೂದಲಿನ ಪಟ್ಟಿಯೊಂದು ನಡುಗಡ್ಡೆಯಂತೆ ನಿಂತಿತ್ತು. ಅದರ ಹಿಂದೆ ಬರಿಯ ಬಯಲು. ಬೊಕ್ಕತಲೆಯವನನ್ನು ಜನರು ಒಮ್ಮೆ ನೋಡಿ ಮರೆಯುತ್ತಾರೆ. ನನ್ನನ್ನು ಎರಡನೆಯ ಸಲ ತಿರುಗಿ ನೋಡುತ್ತಿದ್ದರು. ಪೂರ್ತಿ ಬೋಳಿಸಿಕೊಳ್ಳೋಣವೆಂದರೆ ಹಿಂದಲೆಯಲ್ಲಿ ಕಿವಿಯಿಂದ ಕಿವಿಯವರೆಗೆ ಹೊಲಿಗೆಯ ಗೆರೆ. ತರಗತಿಯಲ್ಲಿ ಪಾಠ ಹೇಳುವ ನಾನು ಕಪ್ಪುಹಲಗೆಯ ಕಡೆಗೆ ತಿರುಗಲು ಅಂಜಿದ ದಿನಗಳುಂಟು. 2022ರಲ್ಲಿ ಎರಡನೆಯ ಬಾರಿ ಶಸ್ತ್ರಚಿಕಿತ್ಸೆಗೆ ಹೋದಾಗ, ಈ ಸಲದ ವೈದ್ಯರು ಹಿಂದಲೆಯನ್ನು ಮಸೂರದಿಂದ ಅಳೆದು ನೋಡಿ, "ಇನ್ನು 1,400ಕ್ಕಿಂತ ಹೆಚ್ಚು ತೆಗೆಯಲಾರೆ. ನಡುಭಾಗವನ್ನು ಮುಚ್ಚುತ್ತೇನೆ, ನೆತ್ತಿಯ ಆಸೆಯನ್ನು ಬಿಡಿ" ಎಂದರು. ಬಿಟ್ಟಿದ್ದೇನೆ. ಮೊದಲ ಸಲವೇ ಕಾದಿದ್ದರೆ ಅದೇ 3,600 ಗ್ರಾಫ್ಟುಗಳನ್ನು ಇಡೀ ತಲೆಯ ಲೆಕ್ಕ ನೋಡಿ ಹಂಚಬಹುದಾಗಿತ್ತು.

ಇದು ನನ್ನೊಬ್ಬನ ಅಭಿಪ್ರಾಯವಲ್ಲ. ಭಾರತೀಯ ಚರ್ಮವೈದ್ಯರ ಸಂಘದ ಪರವಾಗಿ ಡಾ. ನರೇಂದ್ರ ಪಟವರ್ಧನ್ ಹಾಗೂ ನಮ್ಮ ಬೆಂಗಳೂರಿನ ಡಾ. ವೆಂಕಟರಾಮ್ ಮೈಸೂರು ಅವರು 2008ರಲ್ಲಿ ಕೂದಲು ಕಸಿಗೆ ಮಾರ್ಗದರ್ಶಕ ಸೂತ್ರಗಳನ್ನು ಪ್ರಕಟಿಸಿದರು. ಬೋಳಾಗುವಿಕೆಯು ಇನ್ನೂ ಮುಂದುವರಿಯುತ್ತಿರುವ ಎಳೆಯ ವಯಸ್ಸಿನವರ ವಿಷಯದಲ್ಲಿಯೂ, ಅತಿಯಾದ ಆಸೆಯನ್ನಿಟ್ಟುಕೊಂಡು ಬಂದವರ ವಿಷಯದಲ್ಲಿಯೂ ಎಚ್ಚರಿಕೆಯಿಂದಿರಬೇಕೆಂದು ಅದರಲ್ಲಿ ಹೇಳಿದೆ. ಎಚ್ಚರಿಕೆಯೆಂಬ ಮಾತನ್ನು ನಾನು ಒಂದು ಹೆಜ್ಜೆ ಮುಂದಕ್ಕೊಯ್ದು ವಯಸ್ಸಿನ ಗೆರೆಯನ್ನೇ ಎಳೆಯಬೇಕೆನ್ನುತ್ತೇನೆ. ಹಣ ಪಡೆಯುವವನ ಕೈಗೆ ಎಚ್ಚರಿಕೆಯ ಅಳತೆಗೋಲನ್ನು ಕೊಟ್ಟರೆ ಅದು ಕುಗ್ಗುತ್ತ ಹೋಗುವುದೆಂಬುದು ನನ್ನ ಅನುಭವ.

ವಯಸ್ಸಿನಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ಕತ್ತಿ ಯಾರ ಕೈಯಲ್ಲಿದೆ? ಇದು ಕ್ಷೌರದ ವಿಸ್ತರಣೆಯೆಂದು ತಿಳಿಯಬಾರದು. ಮರಗಟ್ಟಿಸಲು ಬಳಸುವ ಲಿಗ್ನೊಕೇನ್ ಔಷಧಕ್ಕೆ ಮಿತಿಯುಂಟು. ಅಡ್ರಿನಲಿನ್ ಬೆರೆತಿದ್ದಾಗ ದೇಹದ ತೂಕದ ಪ್ರತಿ ಕಿಲೊಗ್ರಾಮಿಗೆ 7 ಮಿಲಿಗ್ರಾಂ ಎಂಬುದು ಸಾಮಾನ್ಯವಾಗಿ ಹೇಳುವ ಗರಿಷ್ಠ ಪ್ರಮಾಣ. 60 ಕಿಲೊ ತೂಗುವ ಯುವಕನಿಗೆ ಇದು 420 ಮಿಲಿಗ್ರಾಂ. ಶೇಕಡಾ 2ರ ದ್ರಾವಣದಲ್ಲಿ 21 ಮಿಲಿಲೀಟರ್. ದಿನವಿಡೀ ನಡೆಯುವ ಕೆಲಸದಲ್ಲಿ ಮತ್ತೆ ಮತ್ತೆ ಚುಚ್ಚುವಾಗ ಈ ಲೆಕ್ಕ ತಪ್ಪಿದರೆ ತುಟಿಯ ಸುತ್ತ ಜೋಮು ಹಿಡಿಯುವುದು, ಕಿವಿಯಲ್ಲಿ ಮೊರೆತ, ಮುಂದೆ ಸೆಳೆತ. ಕೊನೆಗೆ ಹೃದಯವೇ ನಿಲ್ಲಬಹುದು. ಔಷಧವು ಒಗ್ಗದೆಯೂ ಅಪಾಯ ಸಂಭವಿಸಬಹುದು. ಚೆನ್ನೈಯಲ್ಲಿ 2016ರ ಮೇ ತಿಂಗಳಲ್ಲಿ ಕೂದಲು ಕಸಿ ಮಾಡಿಸಿಕೊಂಡ 22 ವರ್ಷದ ಯುವಕನೊಬ್ಬನು ಎರಡು ದಿನಗಳಲ್ಲಿ ತೀರಿಕೊಂಡನು. ಅವನು ವೈದ್ಯಕೀಯ ವಿದ್ಯಾರ್ಥಿಯೇ ಆಗಿದ್ದನು. ವೈದ್ಯಕೀಯವನ್ನು ಓದುವವನೇ ಹೀಗೆ ಮೋಸಹೋದರೆ ಉಳಿದವರ ಪಾಡೇನು?

ಇಂಥ ಸಾವುಗಳು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಸೆಪ್ಟೆಂಬರಿನಲ್ಲಿ ಸೂಚನೆಗಳನ್ನು ಹೊರಡಿಸಿತು. ಕೂದಲು ಕಸಿಯನ್ನು ತಕ್ಕ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು. ಕಾರ್ಯಾಗಾರಗಳಲ್ಲಿ, ಯೂಟ್ಯೂಬಿನಲ್ಲಿ ನೋಡಿದುದು ತರಬೇತಿಯೆನಿಸದು ಎಂದು ಅದರಲ್ಲಿ ಸ್ಪಷ್ಟಪಡಿಸಿದೆ. ನಮ್ಮ ರಾಜ್ಯದಲ್ಲಿ ಖಾಸಗಿ ಚಿಕಿತ್ಸಾಲಯಗಳ ನೋಂದಣಿಗೆ 2007ರ ಕಾಯಿದೆಯೂ ಇದೆ. ಹೀಗಿದ್ದರೂ 2025ರಲ್ಲಿ ಕಾನ್ಪುರದಲ್ಲಿ ಕೂದಲು ಕಸಿಯ ಬಳಿಕ ಇಂಜಿನಿಯರರಿಬ್ಬರು ಸತ್ತ ಬಗ್ಗೆ ಪೊಲೀಸರು ಮೊಕದ್ದಮೆ ಹೂಡಬೇಕಾಯಿತು. ಸೂಚನೆ ಹೊರಡಿಸಿದ ಮಾತ್ರಕ್ಕೆ ಅದು ನಡೆಯುವುದಿಲ್ಲ, ರೋಗಿಯೂ ಕೇಳಬೇಕು. ನನ್ನ ತಲೆಗೆ ಕೈ ಹಚ್ಚುವವರ ಹೆಸರೇನು? ಅವರು ಓದಿದ್ದೇನು? ಎಲ್ಲಿ ಕಲಿತರು? ರಂಧ್ರ ಮಾಡುವವರು ಅವರೇ ಅಥವಾ ಸಹಾಯಕರೇ? ಅವಘಡವಾದರೆ ಇಲ್ಲಿರುವ ಏರ್ಪಾಡೇನು? ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವವರ ಬಳಿ ಮಲಗಬಾರದು.

ಇಷ್ಟನ್ನೂ ಹೇಳಿದರೆ ನನ್ನ ಅಳಿಯನು ಒಂದು ಮಾತಿಗೆ ನನ್ನನ್ನು ನಿಲ್ಲಿಸುತ್ತಾನೆ. "ಮಾವ, ನನ್ನ ಯೌವನವಿರುವುದು ಈಗ. ಮೂವತ್ತೈದಕ್ಕೆ ಕೂದಲು ಬಂದರೆ ಯಾರಿಗೆ ಬೇಕು?" ಈ ಮಾತನ್ನು ನಗೆಯಿಂದ ತಳ್ಳಿಹಾಕುವ ಹಿರಿಯರನ್ನು ನಾನು ಒಪ್ಪುವುದಿಲ್ಲ. ಬೊಕ್ಕತಲೆ ಐಶ್ವರ್ಯದ ಗುರುತೆಂಬ ಸಮಾಧಾನವು ಇಪ್ಪತ್ತರ ಹುಡುಗನಿಗೆ ತಟ್ಟುವುದಿಲ್ಲ. ಅವನ ನೋವು ನಿಜವಾದುದು. ನಾನೂ ಅದನ್ನು ಉಂಡವನು. ಆದರೆ ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಮೊದಲು ಚರ್ಮವೈದ್ಯರಿಗೆ ತೋರಿಸಿ, ಇದು ವಂಶಾನುಗತವೇ ಅಲ್ಲವೇ ಎಂಬುದನ್ನು ತಿಳಿಯಬೇಕು. ಹೌದಾದರೆ ಮಿನಾಕ್ಸಿಡಿಲ್, ಫಿನಾಸ್ಟಿರೈಡ್ ಎಂಬ ಔಷಧಗಳಿವೆ. ಅಮೆರಿಕದಲ್ಲಿ ಮೊದಲನೆಯದಕ್ಕೆ 1988ರಲ್ಲಿಯೂ ಎರಡನೆಯದಕ್ಕೆ 1997ರಲ್ಲಿಯೂ ಈ ಬಳಕೆಗೆ ಒಪ್ಪಿಗೆ ದೊರೆಯಿತು. ಇವುಗಳಿಗೆ ದುಷ್ಪರಿಣಾಮಗಳೂ ಇರುವುದರಿಂದ ವೈದ್ಯರನ್ನು ಕೇಳದೆ ಅಂಗಡಿಯಿಂದ ಕೊಳ್ಳಬಾರದು. ನಿಲ್ಲಿಸಿದರೆ ಫಲವೂ ನಿಲ್ಲುತ್ತದೆ. ಆದರೆ ಸಣ್ಣದಾಗುತ್ತಿರುವ ರೋಮಕೂಪವನ್ನು ಉಳಿಸುವ ಸಾಮರ್ಥ್ಯವಿರುವುದು ಇಂಥ ಔಷಧಗಳಿಗೆ, ಕತ್ತಿಗಲ್ಲ. ಆರು ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ ತಲೆಯ ಚಿತ್ರವನ್ನು ತೆಗೆದಿಡಬೇಕು. ಐದು ವರ್ಷಗಳಲ್ಲಿ ಬೋಳಿನ ಓಟ ಎತ್ತ, ಎಷ್ಟು ವೇಗ ಎಂಬುದು ಆ ಚಿತ್ರಗಳಲ್ಲಿ ಕಾಣುತ್ತದೆ. ಆಗ ಶಸ್ತ್ರಚಿಕಿತ್ಸೆ ಬೇಕೆನಿಸಿದರೆ ಅದು ಊಹೆಯ ಮೇಲಲ್ಲ, ಅಳತೆಯ ಮೇಲೆ ನಡೆಯುತ್ತದೆ.

ನನ್ನ ಮೊದಲ ಶಸ್ತ್ರಚಿಕಿತ್ಸೆಯು ನನಗೆ ಆರು ವರ್ಷಗಳ ಸಂತೋಷವನ್ನು ಕೊಟ್ಟಿತೆಂಬುದನ್ನು ಮರೆಮಾಚಲಾರೆ. ಅಳಿಯನು ಇದನ್ನೇ ಹಿಡಿದು ವಾದಿಸಿದರೆ ಅದಕ್ಕೆ ಉತ್ತರ, ಆ ಆರು ವರ್ಷಗಳ ಬೆಲೆಯನ್ನು ನಾನು ಇಂದಿಗೂ ತೆರುತ್ತಿದ್ದೇನೆ ಎಂಬುದಷ್ಟೆ. ಸಾಲದ ಕಂತು ಎಂದೋ ತೀರಿತು. ಹಿಂದಲೆಯ ಗೆರೆ ತೀರುವಂಥದಲ್ಲ.

ಅವನು ಇನ್ನೂ ತೀರ್ಮಾನ ಮಾಡಿಲ್ಲ. ಕಟ್ಟಿದ ಮುಂಗಡವು ಹಿಂದಕ್ಕೆ ಬಾರದೆಂದು ಕೇಂದ್ರದವರು ಹೇಳುತ್ತಿರುವರಂತೆ; ಅದಕ್ಕಾಗಿಯೇ ಮನಸ್ಸು ಹೊಯ್ದಾಡುತ್ತಿದೆ. ತಲೆ ಅವನದು, ತೀರ್ಮಾನವೂ ಅವನದೇ ಆಗಬೇಕು. ಆದರೆ ಅಕ್ಕನಿಗೆ ನಾನು ಹೇಳಬೇಕಾದ ಮಾತು ಇದು: 5,000 ರೂಪಾಯಿ ಹೋದರೆ ಮತ್ತೆ ಗಳಿಸಬಹುದು, ಹಿಂದಲೆಯ 2,500 ಗ್ರಾಫ್ಟುಗಳು ಹೋದರೆ ಗಳಿಸಲಾಗದು. ಮುಂದಿನ ಭಾನುವಾರ ಹುಡುಗನನ್ನು ಕಳುಹಿಸು. ಮೊದಲ ಚಿತ್ರವನ್ನು ನಾನೇ ತೆಗೆಯುತ್ತೇನೆ.